ಅವತ್ತು ಕೌಂಟರಿನಲ್ಲಿ ಯಾರು?

ನವೆಂಬರಿನ ಮಂಜು ಸೇಂಟ್ ಜಾನ್ಸ್ ಬಂದರನ್ನು ನುಂಗಿ
ಲೈಬ್ರರಿಯ ಮೂರನೇ ಮಹಡಿಗೂ ಬಾಯಿ ಹಾಕಿತ್ತು.
ಸಮಿತಿಯಲ್ಲಿ ನಾವು ನಾಲ್ವರು, ಆರಿದ ಚಹಾ,
ಸಿಬ್ಬಂದಿ ತರಬೇತಿಯ ದಿನಕ್ಕೊಂದು ಹೆಸರು ಸಿಗದೆ
ಗಂಟೆ ಕಳೆದಿತ್ತು.

ಹತ್ತಕ್ಕೆ ದತ್ತಾಂಶ. ಹನ್ನೊಂದಕ್ಕೆ ಮನಸ್ಸಿನ ಆರೋಗ್ಯ.
ಊಟಕ್ಕೆ ಕಾಡ್ ಮೀನೋ, ಬರೀ ಸ್ಯಾಂಡ್‌ವಿಚ್ಚೋ,
ಹೆಚ್ಚು ಚರ್ಚೆ ಇದಕ್ಕೇ.
ಹ್ಯಾಲಿಫ್ಯಾಕ್ಸಿನಿಂದ ಬರುವಾಕೆಯ ವಿಮಾನ ಇಳಿಯದಿದ್ದರೆ?
"ಇಳಿಯುತ್ತೆ" ಅಂದಳು ವಿನಿಫ್ರೆಡ್, ಕಿಟಕಿ ನೋಡದೆ.

ಕೊನೆಗೆ ಎಂದಿನ ಪ್ರಶ್ನೆ: ಅವತ್ತು ಕೌಂಟರಿನಲ್ಲಿ ಯಾರು?
"ಹೆಡ್ಲಿ ಇದ್ದಾನಲ್ಲ."

ಹಳೆಯ ಹಾಜರಿಪಟ್ಟಿ ತಿರುವಿದೆ. ಹನ್ನೊಂದು ವರ್ಷ,
ಹೆಡ್ಲಿ ಪಿನ್‌ನ ಸಹಿ ಒಂದೂ ಇಲ್ಲ,
ಪ್ರಮಾಣಪತ್ರವೂ ಇಲ್ಲ.
ಉಳಿದ ಸ್ಯಾಂಡ್‌ವಿಚ್ ಮಾತ್ರ ಪ್ರತಿ ಸಲ
ಕಾಗದ ಮುಚ್ಚಿ ಅವನಿಗೆ ಕಳಿಸಿದ್ದೇವೆ.

ಇಳಿದು ಹೋಗಿ ಕೇಳಿದೆ: ನಿನಗೆ ಏನು ಕಲಿಯಬೇಕು ಅನಿಸುತ್ತೆ?
ಮೊಹರಿನ ತಾರೀಖು ತಿರುಗಿಸುತ್ತ ಯೋಚಿಸಿದ.
"ರಾತ್ರಿ ಬಾಗಿಲು ಹಾಕುವಾಗ
ಪುಸ್ತಕದ ಮೇಲೇ ಮಲಗಿಬಿಟ್ಟಿರ್ತಾರಲ್ಲ ಹುಡುಗರು,
ಬೆಚ್ಚದ ಹಾಗೆ ಎಬ್ಬಿಸೋದು ಹೇಗೆ ಅಂತ.
ನಾನು ಪಕ್ಕದ ಕುರ್ಚಿ ಮೆಲ್ಲಗೆ ಎಳೀತೀನಿ.
ಸರಿಯೋ ತಪ್ಪೋ."

ಮೇಲೆ ಬಂದು ಪೆನ್ಸಿಲಿನಲ್ಲಿ ತುರುಕಿದೆ:
ಹನ್ನೊಂದೂವರೆಗೆ ಹೆಡ್ಲಿ, ಒಂದು ಕುರ್ಚಿ.
ಕೌಂಟರಿನಲ್ಲಿ ನಾನು.
ಮೊಹರು ಹಾಕುವುದೇ ಮರೆತುಹೋಗಿದೆ ನನಗೆ.