ಹಾವಿಲ್ಲದ ನಾಡಿನ ಹಗ್ಗ

ಬೆಳಗ್ಗೆ ಹತ್ತಕ್ಕೆ ಕಾರ್ಯದರ್ಶಿ ಫಾಕ್ಟನಾ ನನ್ನ ಕೈಗೆ
ಹಗ್ಗದ ಸುರುಳಿಯೊಂದನ್ನು ಇಟ್ಟ.
ನೀಲಿ ನೈಲಾನು. ಅಂಗಡಿಯ ಬೆಲೆಚೀಟಿ ಇನ್ನೂ ಅಂಟಿಕೊಂಡೇ ಇತ್ತು.
“ಎಡಕ್ಕೆ ಕಿಲ್‌ಬ್ರಾನಿನವರು, ಬಲಕ್ಕೆ ಡ್ರಮ್‌ಗಾರಾದವರು,
ನಡುವೆ ನೀನು, ಡಿಂಪ್ನಾ.
ಹೋದ ವರ್ಷದ್ದು ಮತ್ತೆ ಆಗಕೂಡದು.”

ಹೋದ ವರ್ಷದ್ದೆಂದರೆ ಒಂದು ಹಲ್ಲು, ಒಂದು ಥರ್ಮಾಸು,
ಆಮೇಲೆ ಮೇಲಿನ ಸಮಿತಿಯಿಂದ ಬಂದ ಆರು ಪುಟದ ಪತ್ರ.
ಹಲ್ಲು ಮುರಿದವನೂ ಮುರಿಸಿಕೊಂಡವನೂ
ಒಂದೇ ಸಹಕಾರಿ ಅಂಗಡಿಯಲ್ಲಿ ಕರುವಿನ ಮೇವು ಕೊಳ್ಳುವವರು.
ಸೋಮವಾರ ಬೆಳಗ್ಗೆ ಸಾಲಿನಲ್ಲಿ ಹಿಂದೆ ಮುಂದೆ ನಿಂತಿದ್ದರಂತೆ,
ಒಬ್ಬನಿಗೆ ಮಾತು ಬರುತ್ತಿರಲಿಲ್ಲ,
ಇನ್ನೊಬ್ಬನಿಗೆ ಬಾಯಿ ಇರಲಿಲ್ಲ.

ಮೂವತ್ತೊಂದು ವರ್ಷದಿಂದ ಈ ಹಳದಿ ಮೇಲಂಗಿ ತೊಟ್ಟು
ಮೆಟ್ಟಿಲ ಮೇಲೆ ನಿಂತಿದ್ದೇನೆ, ಬೇರ್ಪಡಿಸಿದ್ದಿಲ್ಲ ಯಾರನ್ನೂ.
ಹರ್ಲಿಂಗಿನಲ್ಲಿ ಕೋಲು ಇರುವುದು ಒಳಗೆ,
ಆಡುವವರ ಕೈಯಲ್ಲಿ.
ಹೊರಗೆ ಇರುವುದು ನಾಲಿಗೆ ಮಾತ್ರ
ಅಂತ ನನ್ನಪ್ಪ ಹೇಳುತ್ತಿದ್ದ.
ಆದರೂ ಕಟ್ಟಿದೆ, ಮೇಲಿನ ಕಂಬದಿಂದ ಕೆಳಗಿನ ಕಂಬಿಯ ತನಕ,
ಹದಿನೆಂಟು ಮೆಟ್ಟಿಲು ಉದ್ದಕ್ಕೆ.

ಬಂದಳು ಅಟ್ರಾಕ್ಟಾ. ಬಲಕ್ಕೆ ತವರು, ಎಡಕ್ಕೆ ಗಂಡನ ಮನೆ.
“ಎತ್ತ ಹೋಗಲಿ ಹೇಳು” ಎಂದು
ಉತ್ತರಕ್ಕೆ ಕಾಯದೆ ಸರಿಯಾಗಿ ನಡುವೆ ಕೂತು
ಹಗ್ಗವನ್ನು ಕಂಬಳಿಯ ಅಂಚಿನಂತೆ ತೊಡೆಗೆಳೆದುಕೊಂಡಳು.
ಚೀಲದಿಂದ ಚಾಕು ತೆಗೆದು ಒಣದ್ರಾಕ್ಷಿಯ ಬ್ರೆಡ್ಡು ಕೊಯ್ದು
ಬೆಣ್ಣೆ ಸವರಿ ಎರಡೂ ಕಡೆಗೆ ದಾಟಿಸಿದಳು.
ಯಾರೋ ಒದ್ದೆ ಕೋಟು ಹಗ್ಗಕ್ಕೆ ಒಣಹಾಕಿದರು.
ಮಕ್ಕಳು ಕೆಳಗಿಂದ ನುಸುಳಿದರು, ಎಣಿಸುವುದರೊಳಗೆ ಮತ್ತೆ ನುಸುಳಿದರು.

ನಗುತ್ತಿದ್ದೆ. ಅದೇ ತಪ್ಪಾಯಿತು.
ಕಿಲ್‌ಬ್ರಾನಿನ ಮೂರು ಬಸ್ಸು ತಡವಾಗಿ ಬಂದವು,
ಆಟ ಆಗಲೇ ಅರ್ಧ, ಅಂಕ ಸಮ ಸಮ,
ಮೇಲಿನ ಬಾಗಿಲಿಂದ ನುಗ್ಗಿದರು.
ಎಡಕ್ಕೆ ಎಳ್ಳು ಬಿದ್ದರೆ ನೆಲ ಮುಟ್ಟದು.
ಬಲಕ್ಕೆ, ಡ್ರಮ್‌ಗಾರಾದ ಕಡೆ,
ಒಂದು ನಾಯಿ ಕಾಲು ಚಾಚಿ ಮಲಗುವಷ್ಟು ಜಾಗ.
ನಾನು ಬಣ್ಣ ನೋಡುತ್ತಿದ್ದೆ,
ಎದೆಗಳನ್ನು ನೋಡಲಿಲ್ಲ.

ಕೂಗಿಗೆ ಒಂದು ದಪ್ಪ ಇರುತ್ತದೆ.
ಅದು ಇದ್ದಕ್ಕಿದ್ದಂತೆ ತೆಳುವಾದರೆ
ಯಾರಿಗೋ ಉಸಿರು ಸಾಲುತ್ತಿಲ್ಲ ಎಂದರ್ಥ.
ತಿರುಗಿದೆ.
ಕೆಳಗಿನ ಕಂಬಿಗೆ ಒತ್ತಿಕೊಂಡ ಹುಡುಗನ ಮುಖ
ಸುಣ್ಣ.

ಸಂತನೊಬ್ಬ ಈ ದ್ವೀಪದ ಹಾವುಗಳನ್ನೆಲ್ಲ
ಕಡಲಿಗಟ್ಟಿದನೆಂದು ಶಾಲೆಯಲ್ಲಿ ಬಾಯಿಪಾಠ ಮಾಡಿದವಳು ನಾನು.
ಮಬ್ಬಿನಲ್ಲಿ ಹಗ್ಗ ಹಾವಾಗಿ ಕಂಡರೆ ಅದು ಕಣ್ಣಿನ ದೋಷ.
ಇದು ಹಾಡಹಗಲು. ಕಣ್ಣು ಸರಿಯಿತ್ತು.
ಹಗ್ಗ ಬಿಗಿಯುತ್ತಿತ್ತು,
ಮೊದಲ ಸಾಲಿನ ಪಕ್ಕೆಗಳಿಗೆ ಒತ್ತಿ, ಮೆಲ್ಲಗೆ, ನುಂಗುವ ಹಾಗೆ.
ಗಂಟು ನಾನೇ ಹಾಕಿದ್ದು.
ಮಳೆಗೆ ನೆನೆದು ಕಲ್ಲಾಗಿತ್ತು.

“ಚಾಕು!” ಎಂದೆನೋ, ಅಂದುಕೊಂಡೆನೋ.
ಅಟ್ರಾಕ್ಟಾಳ ಬೆಣ್ಣೆ ಮೆತ್ತಿದ ಚಾಕು ಜಾರಿತು,
ಮತ್ತೆ ಹಿಡಿದೆ, ಕೊಯ್ದೆ, ಮೂರನೆಯ ಎಳೆಗೆ ಪಟ್ಟೆಂದಿತು.
ಏರಿ ಒಡೆದ ಕೆರೆಯಂತೆ ಜನ ಬಲಕ್ಕೆ ಹರಿದರು.
ಡ್ರಮ್‌ಗಾರಾದವರು ಕಂಕುಳಿಗೆ ಕೈ ಕೊಟ್ಟು
ಒಬ್ಬೊಬ್ಬರನ್ನೇ ಎಳೆದುಕೊಂಡರು.
ಕೆಳಗೆ ಫಾಕ್ಟನಾ ಮೈದಾನದ ಗೇಟು ತೆರೆದ,
ರೆಫರಿ ಸೀಟಿ ಊದಿ ಆಟ ನಿಲ್ಲಿಸಿದ,
ಹಸಿರ ಮೇಲೆ ಮಕ್ಕಳು ಕೂತು ಕೆಮ್ಮಿದರು.

ಹತ್ತು ನಿಮಿಷ ಯಾರೂ ಯಾರನ್ನೂ ಬೈಯಲಿಲ್ಲ.
ಆಮೇಲೆ ಇಬ್ಬರೂ ಕೂಡಿ ರೆಫರಿಯನ್ನು ಬೈದರು.
ಕೊನೆಗೆ, ದೇವರು ದೊಡ್ಡವನು,
ಭುಜಕ್ಕೆ ಭುಜ ತಾಗಿಸಿ ನಿಂತು ತಂತಮ್ಮೊಳಗೆ
ಅಜ್ಜ ಮುತ್ತಜ್ಜರ ತನಕ ಬೈದುಕೊಂಡರು.

ಸಂಜೆ ಫಾಕ್ಟನಾ ಹಗ್ಗ ವಾಪಸು ಕೇಳಿದ, ಎರಡು ತುಂಡು ಕೊಟ್ಟೆ.
ಬಾಯಿಬಿಡದೆ ಒಂದು ಫಾರಮು ಮುಂದಿಟ್ಟ.
ಬರೆದೆ: ಹುಡುಗನ ಹೆಸರು ಲೊರ್ಕಾನ್, ವಯಸ್ಸು ಒಂಬತ್ತು,
ಎಡ ಪಕ್ಕೆಯಲ್ಲಿ ಕಂಬಿಯ ಗುರುತು.
ಗಂಟು ಹಾಕಿದವರು: ನಾನು.
ಗಾಯಾಳು ಯಾವ ತಂಡದ ಕಡೆಯವರು?
ಅವನ ಕೋಟು ಕತ್ತಿನ ತನಕ ಮುಚ್ಚಿತ್ತು,
ನಾನು ಬಿಚ್ಚಿದ್ದು ನಿಜ,
ಉಸಿರು ಬರಲಿ ಅಂತ.
ಒಳಗಿನ ಬಣ್ಣ ಎಷ್ಟು ನೆನೆದರೂ ನೆನಪಾಗಲಿಲ್ಲ.