ಐಸ್ ರಸೀದಿಯ ಹಿಂಬದಿ

ಸೋತವರಿಗೇ ಮೊದಲ ಸರದಿ, ಅದು ಲೀಗಿನ ಕಾನೂನು.
ಆರು ತಂಡಗಳಲ್ಲಿ ಆರನೆಯವರು
ಹೊಸ ಹುಡುಗರ ಪಟ್ಟಿಗೆ ಮೊದಲು ಕೈ ಹಾಕಬಹುದು.
ನಾವು ಐದನೆಯವರು.

ಈ ಐದರ ಮೇಲೆ
ಬೈತಖೋಲ ಬಂದರಿನ ಐಸ್ ಫ್ಯಾಕ್ಟರಿಯ ಕಟ್ಟೆಯಲ್ಲಿ
ಹದಿನೇಳು ದಿನದಿಂದ ಜಗಳ.
ನಾನು ಗಲ್ಲಾಪೆಟ್ಟಿಗೆಯ ಹಿಂದೆ ರಸೀದಿ ಹರಿಯುವವಳು,
ನನ್ನ ಪೆನ್ನು ಬರೆಯುತ್ತದೆ ಎಂಬ ಒಂದೇ ಕಾರಣಕ್ಕೆ
ಈ ಸಭೆಯ ಕಾರ್ಯದರ್ಶಿ.

ಸಾಲ್ವದೋರ್ ಹೇಳೂದು:
"ಹಳಿಯಾಳದ ಆ ಸಿದ್ದಿ ಹುಡುಗ ಕಾರ್ನರ್ ಹೊಡೆದರೆ
ಮೊದಲು ಹಲಗೆ ಸದ್ದಾಗೂದು,
ಆಮೇಲೆ ಕೀಪರ್ ಕೈ ಎತ್ತೂದು.
ಅವ ನಮ್ಮವ ಆಗಬೇಕಿತ್ತು.
ಆಗಬೇಕಿತ್ತು ಅಂದೆ."
ಎರಡನೇ ಸಲ ಅನ್ನುವಾಗ ಅವನು ನೋಡುವುದು
ಐಸ್ ಪುಡಿ ಮಾಡುವ ಯಂತ್ರದ ಕಡೆಗೆ.

ಅಲ್ಲಿ ಗೋಣಿತಾಟು ಹೊದ್ದು ನಿಂತವನು
ಪುರುಸೋ ಹರಿಕಂತ್ರ, ನಮ್ಮ ಗೋಲ್‌ಕೀಪರ್.

ಕಡೆಯ ಪಂದ್ಯ, ಕುಮಟೆಯ ಮೇಲೆ, ಒಂದಕ್ಕೊಂದು.
ಕೊನೆಯ ನಿಮಿಷದಲ್ಲಿ ಅವರಿಗೆ ಪೆನಲ್ಟಿ ಸ್ಟ್ರೋಕ್.
ಬಿಟ್ಟಿದ್ದರೆ ಸೋಲು,
ಸೋತಿದ್ದರೆ ಆರನೆಯವರು,
ಆರಾಗಿದ್ದರೆ ಹಳಿಯಾಳದ ಹುಡುಗ.
ಮೂರನೇ ಇಯತ್ತೆಯ ಲೆಕ್ಕ.
ಪುರುಸೋ ಎಡಕ್ಕೆ ಹಾರಿದ.

ಅಂದು ಕುಣಿದದ್ದನ್ನು ಈಗ ಯಾರೂ ಹೇಳುವುದಿಲ್ಲ.
ಸಾಲ್ವದೋರ್ ಮೇಲಕ್ಕೆ ಎಸೆದ ಚಪ್ಪಲಿ
ಇನ್ನೂ ಸಿಕ್ಕಿಲ್ಲ.
ಅಂಕಪಟ್ಟಿ ಅಂಟಿಸಿದ್ದು ಮರುದಿನ,
ಹೊನ್ನಾವರ ನಮಗಿಂತ ಒಂದು ಮೆಟ್ಟಿಲು ಕೆಳಗೆ,
ನಗುತ್ತಾ.

"ಹೋದದ್ದು ಹೋಯ್ತು, ಎರಡನೇ ಸರದಿಗೆ ಯಾರು ಹೇಳಿ,"
ಗುಣವಂತ ತಾಂಡೇಲ ಬೀಡಿ ಹಚ್ಚುತ್ತಾನೆ.
"ತಳ ಸೋರುವ ದೋಣಿಗೆ ಎಂತಾ ಎಂಜಿನ್ನು ಕಟ್ಟಿ ಏನು ಫಲ?
ಹಿಂದಿನ ಸಾಲಿಗೆ ಆಳು ಬೇಕು."
ದತ್ತಾ ಮಾಸ್ತರರ ನೋಟ್‌ಬುಕ್ಕು ಬೇರೆ ಹೇಳುತ್ತದೆ:
ಇಪ್ಪತ್ತೊಂದು ಕಾರ್ನರ್, ಎರಡೇ ಗೋಲು,
ಅದರಲ್ಲಿ ಒಂದು ಎದುರಾಳಿಯ ಕಾಲಿಗೆ ಬಡಿದು.
ಮೀನಿನ ಬುಟ್ಟಿ ಇಳಿಸಿ ಶೇವಂತಿ ಖಾರ್ವಿ
ಯಾರೂ ಕೇಳದಿದ್ದರೂ ಹೇಳಿದಳು:
"ಹರಾಜಿನಲ್ಲಿ ಮೊದಲ ಬುಟ್ಟಿ ಕೂಗುವವ ಹೆಡ್ಡ.
ಎರಡನೆಯದರಲ್ಲಿ ಮೀನು ಅದೇ, ಗದ್ದಲ ಕಮ್ಮಿ."

ಆಮೇಲೆ ಮುಂಡಗೋಡದ ಹುಡುಗನ ಮಾತು ಬಂತು.
ಟಿಬೆಟಿಯನ್ ಕಾಲನಿಯವ, ಹತ್ತೊಂಬತ್ತು ವರ್ಷ, ಕೀಪರ್.
ಕೀಪರ್ ಎಂದಾಗ ಎಲ್ಲರೂ ದನಿ ತಗ್ಗಿಸಿದರು.
ಯಂತ್ರದ ಗದ್ದಲದಲ್ಲಿ
ಕೂಗಿದರೂ ಅವನಿಗೆ ಕೇಳುತ್ತಿರಲಿಲ್ಲ.
ಒಂದು ಐಸ್ ಗಡ್ಡೆ ಹಲಗೆಯಿಂದ ಜಾರಿ
ನೆಲದ ಮೇಲೆ ಸುಯ್ಯೆಂದು ಬಂತು,
ಪುರುಸೋ ತಿರುಗದೆಯೇ ಕಾಲು ಚಾಚಿ ತಡೆದ.

ಕರೆಂಟು ಹೋದದ್ದು ಆಗ.
ಯಂತ್ರ ನಿಂತು, ಗುಣವಂತನ ಅರ್ಧ ಮಾತು
ಇಡೀ ಶೆಡ್ಡಿಗೆ ಕೇಳಿತು:
"...ಮೊಣಕಾಲು ಮುಗಿದಿದೆ ಮಾರಾಯ."

ಯಾರೂ ಕೆಮ್ಮಲಿಲ್ಲ.
ಪುರುಸೋ ಗೋಣಿತಾಟು ಕೊಡವಿ ಬಂದು ಕೂತ,
ಅವರದೇ ಚಹದ ಲೋಟ ಎತ್ತಿಕೊಂಡ.
"ಮುಂಡಗೋಡದವನನ್ನೇ ತಗೊಳ್ಳಿ. ನೋಡಿದ್ದೇನೆ.
ಬಲಗಡೆ ಸ್ವಲ್ಪ ತಡ, ಕಲಿಸಬಹುದು."

ಹದಿನೇಳು ದಿನ ಗಂಟಲಲ್ಲಿ ಸಿಕ್ಕಿದ್ದ ಮೀನಿನ ಮುಳ್ಳನ್ನು
ಸಾಲ್ವದೋರ್ ಕಡೆಗೂ ಉಗುಳಿದ:
"ಆ ಸ್ಟ್ರೋಕ್ ಯಾಕೆ ತಡೆದೆ? ಬಿಡಬಹುದಿತ್ತಲ್ಲ?"

ಪುರುಸೋಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.
ಒಬ್ಬೊಬ್ಬರ ಮುಖ ನೋಡಿದ.
"ಚೆಂಡು ಬಂತಲ್ಲ," ಅಂದ.

ಕರೆಂಟು ಬಂತು. ಜಗಳವೂ ಬಂತು.
ಹಿಂದಿನ ಸಾಲೋ, ಕಾರ್ನರೋ, ಮುಂಡಗೋಡವೋ,
ರಾತ್ರಿ ಎಂಟಕ್ಕೆ ಒಂದು ಹೆಸರಿಗೆ ಐವರೂ ತಲೆ ಆಡಿಸಿದರು.
ರಸೀದಿಯ ಹಿಂದೆ ಬರೆದು ಎರಡು ಗೆರೆ ಎಳೆದೆ.

ಬೊಮ್ಮಯ್ಯ ಓಡಿ ಬಂದ, ಹನ್ನೆರಡು ಬ್ಲಾಕ್ ಐಸು,
ದೋಣಿ ಹೊರಟೇ ಬಿಟ್ಟಿದೆಯಂತೆ.
ಅವಸರದಲ್ಲಿ ಹರಿದು ಕೊಟ್ಟೆ.

ಆಯ್ಕೆ ನಾಳೆ ಬೆಳಿಗ್ಗೆ ಹತ್ತಕ್ಕೆ.
ನಮ್ಮ ಎರಡನೇ ಸರದಿ ಈಗ ನಡು ಸಮುದ್ರದಲ್ಲಿ,
ಬೊಮ್ಮಯ್ಯನ ಜೇಬಿನಲ್ಲಿ,
ನಾಡಿದ್ದು ತಾರ್ಲಿಯ ಜೊತೆ ಬರೂದು.
ಕಟ್ಟೆಯ ಮೇಲೆ ಮತ್ತೆ ಐದು ಹೆಸರು.