ಗೆಡ್ಡೆ

ಶುರುವಾದದ್ದು ಕ್ರಾಂತಿಯಿಂದಲ್ಲ,
ಹಾಸ್ಟೆಲಿನ ಸಾರಿನಲ್ಲಿ ತೇಲಿದ ಒಂದು ಹುಳದಿಂದ.
ನಿರ್ವಾಣಯ್ಯ ಅದನ್ನು ಬೆಂಕಿಪೊಟ್ಟಣಕ್ಕೆ ಹಾಕಿ
ವಾರ್ಡನ್ನರ ಮೇಜಿನ ಮೇಲಿಟ್ಟು ಬಂದ.
ಮಾರನೇ ದಿನ ಅವನ ಟ್ರಂಕು
ಸಾಲಗಾಮೆ ರಸ್ತೆಯ ಬದಿಯಲ್ಲಿತ್ತು.

ಇದನ್ನು ಬರೆಯಬೇಕು, ಎಂದ ಜಬ್ಬಾರ,
ಕಿವಿ ಮುಚ್ಚುವ ಕೂದಲು ಹಿಂದಕ್ಕೆ ತಳ್ಳುತ್ತ.
ಒಂದು ಸಲವಲ್ಲ, ನೂರು ಸಲ.
ನೂರು ಸಲ ಬರೆಯೋದು ಶಿಕ್ಷೆ ಕಣೋ, ಎಂದೆ,
ಅದಕ್ಕೆ ಬೇರೆ ಯಂತ್ರವಿದೆ.

ಯಂತ್ರವಿದ್ದದ್ದು ಆಲೂಗೆಡ್ಡೆ ಮಂಡಿಯಲ್ಲಿ.
ದರಪಟ್ಟಿ ಹೊಡೆಯುವ ಸೈಕ್ಲೋಸ್ಟೈಲು,
ಹಿಡಿ ತಿರುಗಿಸಿದರೆ ಮುದಿ ಎಮ್ಮೆಯ ಉಸಿರು.
ರಾತ್ರಿ ಕಾವಲಿನ ಮೊಗಣ್ಣನಿಗೆ ಒಂದು ಕಟ್ಟು ಬೀಡಿ;
ನಾನೇನೂ ಕಂಡಿಲ್ಲಪ್ಪ, ಎನ್ನುತ್ತಲೇ
ಎದುರು ಕೂತು ಕಾಗದ ಎಣಿಸಿ ಕೊಡುತ್ತಿದ್ದ.

ಸ್ಟೆನ್ಸಿಲ್ ನನ್ನ ಪಾಲು.
ಇನ್‌ಸ್ಟಿಟ್ಯೂಟಿನಲ್ಲಿ ಕಡೆಯ ಬ್ಯಾಚು ಮುಗಿದ ಮೇಲೆ
ಟೈಪ್‌ರೈಟರಿನ ರಿಬ್ಬನ್ ಕಳಚಿ ಕೂರುತ್ತಿದ್ದೆ.
ಮೇಣದ ಹಾಳೆಯಲ್ಲಿ ಶಾಯಿ ಮೂಡದು, ಬರೀ ಗಾಯ.
ಏನು ಹೇಳಿದೆನೆಂಬುದು
ದೀಪಕ್ಕೆ ಹಿಡಿದಾಗಲೇ ನನಗೂ ತಿಳಿಯುತ್ತಿದ್ದದ್ದು.
ಆ ಮೆಷಿನ್ನಿನಲ್ಲಿ ಳ ಮುರಿದಿತ್ತು.
ಹುಳ ಹುಲವಾಯಿತು, ಸುಳ್ಳು ಸುಲ್ಲು.
ಆರು ಗಂಟೆಗೇ ಬೀಗ ಬೀಳುವ ನಮ್ಮ ಹಾಸ್ಟೆಲಿನ ಬಗ್ಗೆ ಬರೆದದ್ದರಲ್ಲಿ
ನಾವೆಲ್ಲ ಹೆಣ್ಣುಮಕ್ಕಲಾದೆವು.

ಹೆಸರಿಗೆ ಜಗಳ. ಕಿಡಿ? ಗುಡುಗು? ಕಹಳೆ?
ಕಹಳೆಗೆ ಅಕ್ಷರವಿಲ್ಲ, ಎಂದೆ.
ಮೂಟೆಯ ಮೇಲೆ ಕೂತಿದ್ದ ನಿರ್ವಾಣಯ್ಯ
ಮಣ್ಣು ಮೆತ್ತಿದ ಒಂದನ್ನೆತ್ತಿ ತೋರಿಸಿದ:
ಸೊಪ್ಪು ಒಣಗಿದ ಮೇಲೂ ಒಳಗೆ ಬಲಿಯುತ್ತೆ.
ಗೆಡ್ಡೆ. ಸಂಪುಟ ಒಂದು.
ಬೆಲೆ: ಓದಿ ದಾಟಿಸು.

ಬೆಳಗಿನ ಐದಕ್ಕೆ
ಕಾಲೇಜಿನ ಸೈಕಲ್ ಸ್ಟ್ಯಾಂಡು,
ನೂರಿಪ್ಪತ್ತು ಸೀಟುಗಳಡಿ ನೂರಿಪ್ಪತ್ತು ಮಡಿಕೆ.

ಮೂರನೇ ದಿನ ಇನ್‌ಸ್ಟಿಟ್ಯೂಟಿನ ಬಾಗಿಲ ಸಂದಿಯಲ್ಲಿ
ಒಂದು ಪ್ರತಿ ವಾಪಸು ಬಂದಿತ್ತು.
ಉದ್ದಕ್ಕೂ ಕೆಂಪು ಶಾಯಿ,
ತಪ್ಪಿದಲ್ಲೆಲ್ಲ ಒಂದೊಂದು ದುಂಡು ಳ.
ಕೆಳಗೆ: ವಿಷಯ ಸರಿಯಿದೆ. ಕಾಗುಣಿತ ಸಾಲದು.
ಆ ಕೈಬರಹ ಯಾರಿಗೆ ಗೊತ್ತಿಲ್ಲ?
ಹಳಗನ್ನಡದ ಸಂಪತ್ಕುಮಾರ ಅಯ್ಯಂಗಾರ್ ಮೇಷ್ಟ್ರು,
ನಮ್ಮನ್ನು ಹಿಡಿಯಲು ನೇಮಿಸಿದ ಸಮಿತಿಯ ಅಧ್ಯಕ್ಷರು.

ಅಂದರೆ ಗೊತ್ತು ಅವರಿಗೆ, ಯಾವ ಮೆಷಿನ್ನು, ಯಾವ ಬೆರಳು.
ಎರಡು ದಿನ ನನಗೆ ಅನ್ನ ಸೇರಲಿಲ್ಲ.
ವರದಿ ಬಂತು: ಕಿಡಿಗೇಡಿಗಳು ಪತ್ತೆಯಾಗಿಲ್ಲ.

ಎರಡನೇ ಸಂಚಿಕೆಗೆ ಖಾಲಿ ಜಾಗ ಬಿಟ್ಟು
ಒಂದೊಂದು ಳ-ವನ್ನೂ ಮುಳ್ಳಿನಲ್ಲಿ ಕೊರೆದೆ.

ಐದನೆಯದು ಹೊರಬರಲಿಲ್ಲ.
ಎಪ್ಪತ್ತೈದರ ಜೂನ್ ಕೊನೆಗೆ ಪೊಲೀಸರು
ಯಂತ್ರಕ್ಕೆ ಅರಗಿನ ಮುದ್ರೆ ಒತ್ತಿ ಹೋದರು.
ದರಪಟ್ಟಿಯಿಲ್ಲದ ಮಂಡಿಯಲ್ಲಿ
ಮೊಗಣ್ಣನೇ ಕಟ್ಟೆಯ ಮೇಲೆ ನಿಂತು ಕೂಗುತ್ತಿದ್ದನಂತೆ:
ದಪ್ಪ ಗೆಡ್ಡೆ ನಲವತ್ತೆರಡು, ಗೋಲಿ ಗೆಡ್ಡೆ ಇಪ್ಪತ್ತು,
ಹಾಸ್ಟೆಲ್ ಸಾರಲ್ಲಿ ಹುಲ!